ಅಪ್ಪ ಅಮ್ಮನ ಹೆಲ್ತ್ ಇನ್ಶೂರೆನ್ಸ್: ಹಾಸನದ ಮನೆಯಿಂದ ಆಸ್ಪತ್ರೆಯ ಕೌಂಟರ್‌ವರೆಗೆ

ಆರು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂತು. ರಾತ್ರಿಯೇ ಹಾಸನದಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ಸ್ಟೆಂಟ್ ಹಾಕಿದರು, ಅಪ್ಪ ಉಳಿದರು. ಆದರೆ ಎರಡು ವರ್ಷದಿಂದ ಪ್ರೀಮಿಯಂ ಕಟ್ಟಿದ್ದ ಪಾಲಿಸಿಯಿಂದ ಒಂದು ರೂಪಾಯಿಯೂ ಬರಲಿಲ್ಲ. ಅರ್ಜಿ ತುಂಬಿದ್ದ ಏಜೆಂಟರು ‘ಮೊದಲಿಂದ ಕಾಯಿಲೆ ಇದೆಯಾ’ ಅನ್ನುವ ಕಡೆ ‘ಇಲ್ಲ’ ಅಂತ ಗುರುತು ಹಾಕಿದ್ದರು. ಅಪ್ಪನಿಗೆ ಆಗಲೇ ಹನ್ನೆರಡು ವರ್ಷದಿಂದ ಶುಗರ್ ಇತ್ತು. ಅವರು ಅರ್ಜಿ ಓದದೆ ಸಹಿ ಹಾಕಿದ್ದರು, ನಾನೂ ಓದಿರಲಿಲ್ಲ.

ಅಂದಿನಿಂದ ನೆಂಟರ ಮನೆಯ, ನಮ್ಮ ಬೀದಿಯ ಹಿರಿಯರ ಪಾಲಿಸಿ ಕಾಗದಗಳನ್ನು ಕೂತು ಓದುತ್ತಾ ಬಂದಿದ್ದೇನೆ. ಎಲ್ಲರೂ ಮೊದಲು ಕೇಳುವುದು ಒಂದೇ: ‘ಯಾವ ಕಂಪನಿ ಒಳ್ಳೇದು?’ ಅಲ್ಲಿಂದ ಶುರು ಮಾಡಬೇಡಿ. ಅಪ್ಪ ಅಮ್ಮನಿಗೆ ಏನಾದರೂ ಆದರೆ ಯಾವ ಆಸ್ಪತ್ರೆಗೆ ಹೋಗುತ್ತೀರಿ, ಅಲ್ಲಿನ ಕೌಂಟರ್ ಮುಂದೆ ಏನು ಕೇಳುತ್ತಾರೆ? ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ.

ಹೆಜ್ಜೆ 1: ಒಂದು ಹಾಳೆಯಲ್ಲಿ ಕಾಯಿಲೆ, ಇನ್ನೊಂದರಲ್ಲಿ ಆಸ್ಪತ್ರೆ

ಒಂದು ಭಾನುವಾರ ಊರಿಗೆ ಹೋದಾಗ ಅಪ್ಪ ಅಮ್ಮನ ಜೊತೆ ಕೂತುಕೊಳ್ಳಿ. ಬಿಪಿ, ಶುಗರ್, ಥೈರಾಯ್ಡ್, ಮಂಡಿ ನೋವು, ಹಿಂದೆ ಆದ ಆಪರೇಷನ್, ಕಣ್ಣಿನ ಪೊರೆ, ಎಲ್ಲ ಬರೆಯಿರಿ. ಯಾವ ವರ್ಷದಿಂದ ಅನ್ನುವುದನ್ನೂ ಬರೆಯಿರಿ. ಹಳೇ ಚೀಟಿಗಳು ಬೀರುವಿನಲ್ಲೋ ದೇವರ ಮನೆಯ ಗೂಡಿನಲ್ಲೋ ಇರುತ್ತವೆ, ತೆಗೆದು ನೋಡಿ. ಈಗ ನುಂಗುತ್ತಿರುವ ಮಾತ್ರೆಗಳ ಫೋಟೋ ತೆಗೆದಿಡಿ. ಅಮ್ಮಂದಿರು ‘ನನಗೇನೂ ಇಲ್ಲ’ ಅನ್ನುವುದು ಜಾಸ್ತಿ. ಅವರನ್ನು ಎರಡು ಸಲ ಕೇಳಿ.

ಎರಡನೇ ಹಾಳೆಯಲ್ಲಿ ಆಸ್ಪತ್ರೆಗಳು. ಸಣ್ಣಪುಟ್ಟದ್ದಕ್ಕೆ ಹಾಸನದಲ್ಲಿ ಎಲ್ಲಿಗೆ ಹೋಗುತ್ತೀರಿ? ಹೃದಯ, ಕಿಡ್ನಿ, ಕ್ಯಾನ್ಸರ್ ಅಂದರೆ ಎಲ್ಲಿಗೆ? ಹೊಳೆನರಸೀಪುರ, ಅರಕಲಗೂಡಿನ ಕಡೆಯವರು ಮೈಸೂರು ಅನ್ನುತ್ತಾರೆ. ಚನ್ನರಾಯಪಟ್ಟಣದವರು ಬೆಂಗಳೂರು ಅನ್ನುತ್ತಾರೆ. ಸಕಲೇಶಪುರದವರಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವರೂ ಇದ್ದಾರೆ. ನಿಮ್ಮ ಪಾಲಿಸಿ ಹಾಸನದ ಒಂದು ಆಸ್ಪತ್ರೆಯಲ್ಲಿ ಮತ್ತು ನೀವು ಹೋಗುವ ದೊಡ್ಡ ಊರಿನ ಎರಡು ಆಸ್ಪತ್ರೆಗಳಲ್ಲಿ ನಡೆಯಬೇಕು. ‘ದೇಶದಲ್ಲಿ ಸಾವಿರಾರು ಆಸ್ಪತ್ರೆ’ ಅಂತ ಜಾಹೀರಾತಿನಲ್ಲಿ ಇದ್ದರೆ ನಿಮಗೇನು ಉಪಯೋಗ? ಆ ಮೂರು ಹೆಸರು ಪಟ್ಟಿಯಲ್ಲಿ ಇವೆಯಾ ನೋಡಿ. ಪಟ್ಟಿ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ಗೂ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಹೆಜ್ಜೆ 2: ದುಡ್ಡು ಕಟ್ಟುವ ಮೊದಲು ಈಗಾಗಲೇ ಇರುವುದನ್ನು ಹುಡುಕಿ

ಎಷ್ಟೋ ಮನೆಗಳಲ್ಲಿ ಹಕ್ಕಿನಿಂದ ಸಿಗುವ ಸೌಲಭ್ಯ ಸುಮ್ನೆ ಬಿದ್ದಿರುತ್ತದೆ. ಮೊದಲು ಅದನ್ನು ಎತ್ತಿಕೊಳ್ಳಿ.

ನಮ್ಮ ರಾಜ್ಯದಲ್ಲಿ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಅನ್ನುವ ಚಿಕಿತ್ಸಾ ಯೋಜನೆಗಳು 2018ರಿಂದ ಒಟ್ಟಿಗೇ ನಡೆಯುತ್ತಿವೆ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಇದರಲ್ಲಿ ಹಳೇ ಕಾಯಿಲೆಗೂ ಮೊದಲ ದಿನದಿಂದ ಚಿಕಿತ್ಸೆ ಸಿಗುತ್ತದೆ, ಕಾಯುವ ಅವಧಿ ಇಲ್ಲ. ಹಿರಿಯರಿಗೆ ಅದೇ ದೊಡ್ಡ ಅನುಕೂಲ.

ಆದರೆ ಇದಕ್ಕೊಂದು ದಾರಿ ಇದೆ, ಅದನ್ನು ತಪ್ಪಿಸಬೇಡಿ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ನಮ್ಮ ಕಡೆ ಅಂದರೆ ತಾಲ್ಲೂಕು ಆಸ್ಪತ್ರೆ ಅಥವಾ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್. ಆ ಪತ್ರ ಇಲ್ಲದೆ ನೇರ ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೋಗಿ, ಕಾರ್ಡ್ ಇದ್ದೂ ಕೈಯಿಂದ ದುಡ್ಡು ಕಟ್ಟಿದವರನ್ನು ನೋಡಿದ್ದೇನೆ. ಎದೆನೋವು, ಅಪಘಾತದಂಥ ತುರ್ತು ಸಮಯದಲ್ಲಿ ಪತ್ರ ಬೇಕಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರ ಹೋಗಬಹುದು. ಅಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳಲು ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ಮೊದಲು ಅವರನ್ನು ಹುಡುಕಿ.

70 ವರ್ಷ ದಾಟಿದವರಿಗೆ ಇನ್ನೊಂದು ಇದೆ: ಆಯುಷ್ಮಾನ್ ವಯ ವಂದನಾ ಕಾರ್ಡ್. ಕೇಂದ್ರ ಸರ್ಕಾರ ಇದನ್ನು 2024ರ ಅಕ್ಟೋಬರ್ 29ರಂದು ಶುರು ಮಾಡಿತು. ಆದಾಯ ಎಷ್ಟೇ ಇರಲಿ, ಆಧಾರ್‌ನಲ್ಲಿ 70 ತುಂಬಿದ್ದರೆ ಸಾಕು. ವರ್ಷಕ್ಕೆ 5 ಲಕ್ಷ. ಅಪ್ಪ ಅಮ್ಮ ಇಬ್ಬರಿಗೂ 70 ಆಗಿದ್ದರೆ ಆ 5 ಲಕ್ಷ ಇಬ್ಬರ ನಡುವೆ ಹಂಚಿಕೆ, ತಲಾ 5 ಲಕ್ಷ ಅಲ್ಲ. ಖಾಸಗಿ ಪಾಲಿಸಿ ಇದ್ದವರೂ ಮಾಡಿಸಬಹುದು. ಮಾಜಿ ಸೈನಿಕರ ಇಸಿಎಚ್‌ಎಸ್ ಅಥವಾ ಕೇಂದ್ರ ನೌಕರರ ಸಿಜಿಎಚ್‌ಎಸ್‌ನಲ್ಲಿ ಇರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅಂಥವರು ಆತುರಪಟ್ಟು ಹಳೆಯದನ್ನು ಬಿಡಬೇಡಿ ಅನ್ನುವುದು ನನ್ನ ಮಾತು. ಆ ಯೋಜನೆಗಳಲ್ಲಿ ಹೊರರೋಗಿ ಚಿಕಿತ್ಸೆ, ತಿಂಗಳ ಮಾತ್ರೆಯೂ ಸಿಗುತ್ತದೆ. ಆಯುಷ್ಮಾನ್ ಕಾರ್ಡ್ ನಡೆಯುವುದು ಆಸ್ಪತ್ರೆಗೆ ದಾಖಲಾದರೆ ಮಾತ್ರ.

ಕಾರ್ಡನ್ನು ಆಯುಷ್ಮಾನ್ ಆ್ಯಪ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ಮಾಡಬಹುದು. ಸಹಾಯವಾಣಿ 14555. ಕಾರ್ಡ್ ಬಂತು ಅಂತ ಅಲ್ಲಿಗೇ ಬಿಡಬೇಡಿ. ನೀವು ಬರೆದಿಟ್ಟ ಆಸ್ಪತ್ರೆಗಳ ಆರೋಗ್ಯಮಿತ್ರರಿಗೆ ಕಾರ್ಡ್ ತೋರಿಸಿ, ‘ಇದರಲ್ಲಿ ಇಲ್ಲಿ ದಾಖಲು ಮಾಡಿಕೊಳ್ಳುತ್ತಿದ್ದೀರಾ, ಯಾವ ಯಾವ ಚಿಕಿತ್ಸೆಗೆ?’ ಅಂತ ಕೇಳಿ. ದೆಹಲಿಯಲ್ಲಿ ಘೋಷಣೆ ಆಗಿದ್ದು ನಮ್ಮ ಊರಿನ ಕೌಂಟರ್‌ನಲ್ಲಿ ನಡೆಯುತ್ತಿದೆಯಾ ಅನ್ನುವುದು ಅಲ್ಲೇ ಗೊತ್ತಾಗಬೇಕು.

ಆಧಾರ್ ವಿಷಯದಲ್ಲಿ ಒಂದು ಮಾತು. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜನವರಿ 1. ವರ್ಷವೂ ಅಂದಾಜು. ರೇಷನ್ ಕಾರ್ಡಿನಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಆರಾಮಾಗಿ ಇರುವಾಗ ಇದನ್ನು ಸರಿ ಮಾಡಿಸಿ. ಐಸಿಯು ಬಾಗಿಲಲ್ಲಿ ನಿಂತು ಮಾಡಿಸುವ ಕೆಲಸ ಇದಲ್ಲ. ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಈಗಲೂ ನಡೆಯುತ್ತಿದೆಯಾ ಅಂತಲೂ ನೋಡಿ.

ಅಪ್ಪ ಹಾಲಿನ ಡೈರಿ ಸಂಘದಲ್ಲೋ ವ್ಯವಸಾಯ ಸೇವಾ ಸಹಕಾರ ಸಂಘದಲ್ಲೋ ಸದಸ್ಯರಾ? ಹಾಗಿದ್ದರೆ ಯಶಸ್ವಿನಿ ಕೇಳಿ. 2003ರಲ್ಲಿ ಜಾರಿಗೆ ಬಂದ ಈ ಯೋಜನೆ 2018ರಲ್ಲಿ ನಿಂತಿತ್ತು, ಮತ್ತೆ ಶುರುವಾಗಿದೆ. ಮರುಜಾರಿ ಆದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000 ರೂಪಾಯಿ ಕಂತು ಇತ್ತು. ಚಿಕಿತ್ಸೆ 5 ಲಕ್ಷದವರೆಗೆ. ಹೆಸರು ನೋಂದಾಯಿಸಲು ವರ್ಷಕ್ಕೊಂದು ಗಡುವು ಇರುತ್ತದೆ. ಸಂಘದ ಕಾರ್ಯದರ್ಶಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನಿಮ್ಮ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಅಪ್ಪ ಅಮ್ಮನನ್ನು ಸೇರಿಸಲು ಬರುತ್ತದಾ? ಬಂದರೆ ಸೇರಿಸಿ. ಅದರಲ್ಲಿ ಹಳೇ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಇರುವುದೇ ಹೆಚ್ಚು. ಆದರೆ ಅದನ್ನೇ ನಂಬಿ ಕೂರಬೇಡಿ. ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಬಿಡುವ ಮೊದಲೇ, ಅದೇ ಕಂಪನಿಯ ಸ್ವಂತ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಆಗುತ್ತದಾ ಅಂತ ಎಚ್‌ಆರ್‌ನವರನ್ನು ಕೇಳಿ.

ಹೆಜ್ಜೆ 3: ಖಾಸಗಿ ಪಾಲಿಸಿ ಬೇಕಾ, ಎಷ್ಟರದ್ದು?

ಸರ್ಕಾರಿ ಆಸ್ಪತ್ರೆ, ರೆಫರಲ್ ದಾರಿ ನಿಮಗೆ ಒಗ್ಗುತ್ತದೆ ಅಂದರೆ ಖಾಸಗಿ ಪಾಲಿಸಿ ಇಲ್ಲದೆಯೂ ನಡೆಯುತ್ತದೆ. ಪ್ರೀಮಿಯಂ ಕಟ್ಟಲು ಸಾಲ ಮಾಡಬೇಕಾದ ಮನೆಗಂತೂ ನಾನು ಪಾಲಿಸಿ ಹೇಳುವುದಿಲ್ಲ. ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಡಿ, ಆಯುಷ್ಮಾನ್ ಕಾರ್ಡ್ ಸರಿ ಮಾಡಿಸಿ. ನಿಮಗೆ ಬೇಕಾದ ಆಸ್ಪತ್ರೆಗೇ ಹೋಗಬೇಕು, ಪ್ರೀಮಿಯಂ ವರ್ಷ ವರ್ಷ ಕಟ್ಟುವ ಶಕ್ತಿಯೂ ಇದೆ ಅಂದರೆ ತೆಗೆದುಕೊಳ್ಳಿ.

65 ದಾಟಿದರೆ ಪಾಲಿಸಿ ಸಿಗಲ್ಲ ಅಂತ ಇನ್ನೂ ಹೇಳುವವರಿದ್ದಾರೆ. ಅದು ಹಳೇ ಮಾತು. 2024ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಆ ವಯಸ್ಸಿನ ಮಿತಿ ತೆಗೆದಿದೆ. ಆದರೂ ಆರೋಗ್ಯ ನೋಡಿ ಬೇಡ ಅನ್ನುವ ಹಕ್ಕು ಕಂಪನಿಗೆ ಇದೆ. ಒಂದು ಕಡೆ ಬೇಡ ಅಂದರೆ ಇನ್ನೊಂದು ಕಡೆ ಕೇಳಿ.

ಅಪ್ಪ ಅಮ್ಮನನ್ನು ನಿಮ್ಮ ಮಕ್ಕಳ ಜೊತೆ ಒಂದೇ ಫ್ಲೋಟರ್ ಪಾಲಿಸಿಗೆ, ಅಂದರೆ ಎಲ್ಲರೂ ಒಂದೇ ಮೊತ್ತ ಹಂಚಿಕೊಳ್ಳುವ ಪಾಲಿಸಿಗೆ, ಹಾಕಬೇಡಿ. ಮನೆಯ ಹಿರಿಯರ ವಯಸ್ಸು ನೋಡಿ ಪ್ರೀಮಿಯಂ ಏರುತ್ತದೆ. ಅವರ ಒಂದು ಆಪರೇಷನ್‌ಗೆ ಎಲ್ಲರ ಮೊತ್ತವೂ ಖಾಲಿಯಾಗುತ್ತದೆ. ಅವರಿಗೆ ಬೇರೆಯೇ ಪಾಲಿಸಿ ಮಾಡಿ. ದೊಡ್ಡ ಮೊತ್ತದ ಪಾಲಿಸಿ ದುಬಾರಿ ಅನ್ನಿಸಿದರೆ ಸಣ್ಣ ಮೊತ್ತದ ಮೂಲ ಪಾಲಿಸಿ, ಅದರ ಮೇಲೆ ಒಂದು ಸೂಪರ್ ಟಾಪ್‌ಅಪ್. ಉದಾಹರಣೆಗೆ, ವರ್ಷದ ಖರ್ಚು 5 ಲಕ್ಷ ದಾಟಿದ ಮೇಲಿನದ್ದನ್ನು ಮಾತ್ರ ಟಾಪ್‌ಅಪ್ ಕೊಡುತ್ತದೆ. ಹಾಗಾಗಿ ಅದರ ಪ್ರೀಮಿಯಂ ಕಡಿಮೆ.

ಕಾಗದಗಳ ಗೋಜಲು ಬೇಡ ಅನ್ನುವವರು ಆರೋಗ್ಯ ಸಂಜೀವನಿ ಪಾಲಿಸಿ ನೋಡಬಹುದು. 2020ರಿಂದ ಇದೆ. ಯಾವ ಕಂಪನಿಯಲ್ಲಿ ಕೊಂಡರೂ ಷರತ್ತು ಒಂದೇ, ಪ್ರೀಮಿಯಂ ಮಾತ್ರ ಬೇರೆ. ಹೋಲಿಸಿ ನೋಡುವುದು ಸುಲಭ.

ಹೆಜ್ಜೆ 4: ಪಾಲಿಸಿ ಕಾಗದದಲ್ಲಿ ನಾಲ್ಕು ಜಾಗ ಓದಿ

ಎಲ್ಲವನ್ನೂ ಓದಲು ಆಗದಿದ್ದರೂ ಈ ನಾಲ್ಕನ್ನು ಬಿಡಬೇಡಿ.

ಮೊದಲನೆಯದು ಕಾಯುವ ಅವಧಿ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಮೊದಲು ಇದು 48 ತಿಂಗಳಿತ್ತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಗೂ ಬೇರೆ ಕಾಯುವ ಅವಧಿ ಇರುತ್ತದೆ. ಮುಂದಿನ ವರ್ಷ ಅಮ್ಮನ ಮಂಡಿ ಆಪರೇಷನ್ ಮಾಡಿಸಬೇಕು ಅಂತ ಈ ವರ್ಷ ಪಾಲಿಸಿ ಕೊಂಡರೆ ಉಪಯೋಗ ಆಗುವುದಿಲ್ಲ.

ಎರಡನೆಯದು ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಿಮ್ಮ ಪಾಲು. ಹಿರಿಯರ ಪಾಲಿಸಿಗಳಲ್ಲಿ ಇದು ಸಾಮಾನ್ಯ. ಶೇಕಡಾ 20 ಅಂತ ಇದ್ದರೆ 2 ಲಕ್ಷದ ಬಿಲ್ಲಿಗೆ 40,000 ನಿಮ್ಮದು. ಪ್ರೀಮಿಯಂ ಕಡಿಮೆ ಅಂತ ಖುಷಿ ಪಡುವ ಮೊದಲು ಈ ಸಾಲು ಹುಡುಕಿ.

ಮೂರನೆಯದು ರೂಮ್ ಬಾಡಿಗೆ ಮಿತಿ. ಇಲ್ಲೇ ಜಾಸ್ತಿ ಜನ ಏಟು ತಿನ್ನುವುದು. 3 ಲಕ್ಷದ ಪಾಲಿಸಿ, ದಿನದ ರೂಮ್ ಬಾಡಿಗೆ ಶೇಕಡಾ 1 ಅಂತ ಇಟ್ಟುಕೊಳ್ಳಿ. ಅಂದರೆ 3,000 ರೂಪಾಯಿ. ನೀವು 6,000ದ ರೂಮ್ ತೆಗೆದುಕೊಂಡರೆ ಹೆಚ್ಚಿನ 3,000 ಮಾತ್ರ ನಿಮ್ಮ ತಲೆಗೆ ಅಂದುಕೊಳ್ಳುತ್ತೀರಿ, ಅಲ್ವಾ? ಹಾಗಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚನ್ನೂ ಅದೇ ಅನುಪಾತದಲ್ಲಿ ಅರ್ಧ ಕಡಿಯಬಹುದು. ಔಷಧಿ, ಸ್ಟೆಂಟ್‌ನಂಥ ಇಂಪ್ಲಾಂಟ್‌ಗಳ ಮೇಲೆ ಆ ಕಡಿತ ಬರುವಂತಿಲ್ಲ. ಆಗುವುದಾದರೆ ರೂಮ್ ಮಿತಿ ಇಲ್ಲದ ಪಾಲಿಸಿ ಕೊಳ್ಳಿ. ಇಲ್ಲದಿದ್ದರೆ ಮಿತಿಯೊಳಗಿನ ರೂಮನ್ನೇ ಕೇಳಿ. ಶೇರಿಂಗ್ ರೂಮ್ ಅಂತ ನೆಂಟರು ಏನಾದರೂ ಅಂದುಕೊಳ್ಳಲಿ.

ನಾಲ್ಕನೆಯದು ಕಾಯಿಲೆವಾರು ಮಿತಿ. ಪೊರೆ ಆಪರೇಷನ್‌ಗೆ ಕಣ್ಣೊಂದಕ್ಕೆ ಇಷ್ಟೇ ಅಂತ ಬರೆದಿರುತ್ತದೆ. ಒಮ್ಮೆ ಕಣ್ಣಾಡಿಸಿ.

ಹೆಜ್ಜೆ 5: ಅರ್ಜಿಯನ್ನು ನಿಮ್ಮ ಕೈಯಾರೆ ತುಂಬಿ

ಉಳಿದ ಯಾವ ಹೆಜ್ಜೆ ಮರೆತರೂ ಇದನ್ನು ಮರೆಯಬೇಡಿ.

‘ಶುಗರ್ ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಬಿಡಿ’ ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಹೆಜ್ಜೆ ಒಂದರ ಹಾಳೆಯನ್ನು ಎದುರಿಗೆ ಇಟ್ಟುಕೊಂಡು ಎಲ್ಲವನ್ನೂ ಬರೆಯಿರಿ. ಬಿಪಿ ಮಾತ್ರೆ ಅರ್ಧವೇ ನುಂಗುತ್ತಿದ್ದರೂ ಬರೆಯಿರಿ. ಹಿಂದೆ ಯಾವುದಾದರೂ ಕಂಪನಿ ಪಾಲಿಸಿ ಬೇಡ ಅಂದಿದ್ದರೆ ಅದನ್ನೂ ಬರೆಯಿರಿ. ಫೋನಿನಲ್ಲಿ ಕಂಪನಿಯ ಡಾಕ್ಟರ್ ಮಾತಾಡುವಾಗ ಅಪ್ಪ ಅಮ್ಮನ ಪಕ್ಕ ನೀವಿರಿ. ಇಂಗ್ಲಿಷ್, ಹಿಂದಿಯಲ್ಲಿ ಕೇಳಿದರೆ ‘ಕನ್ನಡದಲ್ಲಿ ಕೇಳಿ’ ಅಂತ ಹೇಳಿ. ಅರ್ಥವಾಗದೆ ‘ಹೂಂ’ ಅಂದದ್ದೂ ರೆಕಾರ್ಡ್ ಆಗಿರುತ್ತದೆ.

ಮುಚ್ಚಿಟ್ಟದ್ದು ಹೊರಗೆ ಬರುವುದು ಹೇಗೆ ಗೊತ್ತಾ? ಅಪ್ಪನನ್ನು ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿರುತ್ತೀರಿ. ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ‘ಶುಗರ್ ಎಷ್ಟು ವರ್ಷದಿಂದ ಇದೆ ಯಜಮಾನ್ರೇ?’ ಅಪ್ಪ ಹೇಳುತ್ತಾರೆ, ‘ಹತ್ತು ಹದಿನೈದು ವರ್ಷ ಆಯ್ತು ಸಾ.’ ಡಾಕ್ಟರ್ ಹದಿನೈದು ಅಂತ ಬರೆದುಕೊಳ್ಳುತ್ತಾರೆ. ಆ ಕಾಗದ ಕಂಪನಿಗೆ ಹೋಗುತ್ತದೆ. ಅರ್ಜಿಯಲ್ಲಿ ‘ಇಲ್ಲ’ ಅಂತಿದ್ದರೆ ಕ್ಲೈಮ್ ಅಲ್ಲಿಗೇ ಮುಗಿಯಿತು. ಅರ್ಜಿಯಲ್ಲಿ ‘ಏಳು ವರ್ಷ’ ಅಂತಿದ್ದರೂ ತಕರಾರು ಏಳುತ್ತದೆ. ಅದಕ್ಕೇ ವರ್ಷವನ್ನು ಚೀಟಿ ನೋಡಿ ಬರೆಯಿರಿ, ಅಪ್ಪ ಅಮ್ಮನಿಗೂ ಬಾಯಿಪಾಠ ಮಾಡಿಸಿ. ಅಂದಾಜು ಹೇಳುವುದು ನಮ್ಮ ಹಿರಿಯರ ಮಾತಿನ ರೀತಿ, ಅವರ ತಪ್ಪಲ್ಲ. ಆದರೆ ಆಸ್ಪತ್ರೆಯ ಕಾಗದದಲ್ಲಿ ಅಂದಾಜೇ ಸಾಕ್ಷಿಯಾಗಿ ಕೂರುತ್ತದೆ.

ಪಾಲಿಸಿ 60 ತಿಂಗಳು ತಪ್ಪದೆ ನಡೆದ ಮೇಲೆ, ಕಾಯಿಲೆ ಹೇಳಿರಲಿಲ್ಲ ಅನ್ನುವ ಕಾರಣಕ್ಕೆ ಕ್ಲೈಮ್ ತಳ್ಳುವಂತಿಲ್ಲ. ವಂಚನೆ ಅಂತ ಸಾಬೀತಾದರೆ ಮಾತ್ರ ತಳ್ಳಬಹುದು. ಇದು 2024ರಿಂದ ಇರುವ ನಿಯಮ. ಇದನ್ನು ನಂಬಿ ಯಾರೂ ಮುಚ್ಚಿಡಬೇಡಿ. ಐದು ವರ್ಷ ಏನೂ ಆಗಲ್ಲ ಅಂತ ಯಾರು ಹೇಳಬಲ್ಲರು?

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಸಮಯ ಇದೆ. ಒಳಗಿರುವ ಅರ್ಜಿಯ ಪ್ರತಿ ತೆಗೆದು, ನೀವು ಹೇಳಿದ ಕಾಯಿಲೆಗಳೆಲ್ಲ ಇವೆಯಾ ನೋಡಿ. ಇಲ್ಲದಿದ್ದರೆ ಇಮೇಲ್‌ನಲ್ಲಿ ತಿದ್ದಿಸಿ. ಷರತ್ತು ಒಪ್ಪಿಗೆ ಆಗದಿದ್ದರೆ ವಾಪಸ್ ಕೊಡಿ. ಸಣ್ಣ ಕಡಿತ ಹೋಗಿ ಉಳಿದ ದುಡ್ಡು ಬರುತ್ತದೆ.

ಹೆಜ್ಜೆ 6: ಒಂದು ಫೈಲು, ಒಂದು ಚೀಟಿ

ಪಾಲಿಸಿ, ಆಧಾರ್, ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಜೆರಾಕ್ಸ್, ಬ್ಯಾಂಕಿನ ಕ್ಯಾನ್ಸಲ್ ಮಾಡಿದ ಚೆಕ್ ಎಲ್ಲ ಒಂದೇ ಫೈಲಿನಲ್ಲಿ. ಬಾಗಿಲ ಹಿಂದೆಯೋ ಫ್ರಿಡ್ಜ್ ಮೇಲೋ ದೊಡ್ಡ ಅಕ್ಷರದ ಒಂದು ಚೀಟಿ: ಪಾಲಿಸಿ ನಂಬರ್, ಕಂಪನಿಯ ಫೋನ್, ಹೋಗಬೇಕಾದ ಆಸ್ಪತ್ರೆ, ಮಕ್ಕಳ ಫೋನ್. ನೀವು ಬೆಂಗಳೂರಿನಿಂದ ಬರಲು ಮೂರು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಪಕ್ಕದ ಮನೆಯವರು. ಫೈಲು ಎಲ್ಲಿದೆ ಅಂತ ಅವರಿಗೂ ತೋರಿಸಿಡಿ.

ಹೆಜ್ಜೆ 7: ಆಸ್ಪತ್ರೆಗೆ ಸೇರಿದ ದಿನ

ಮೊದಲು ಚಿಕಿತ್ಸೆ. ಆಮೇಲೆ ಒಬ್ಬರು ಇನ್ಶೂರೆನ್ಸ್ ಡೆಸ್ಕ್‌ಗೆ ಹೋಗಿ. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಎರಡು ಮೂರು ದಿನ ಮುಂಚೆಯೇ ಕ್ಯಾಶ್‌ಲೆಸ್ ಅರ್ಜಿ, ಅಂದರೆ ಕಂಪನಿಯೇ ಆಸ್ಪತ್ರೆಗೆ ನೇರ ದುಡ್ಡು ಕಟ್ಟಲಿ ಅನ್ನುವ ಅರ್ಜಿ, ಹಾಕಿಸಿ. ಅರ್ಜಿ ತಲುಪಿದ ಒಂದು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು. ಡಿಸ್ಚಾರ್ಜ್ ಬಿಲ್ ಹೋದ ಮೇಲೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಬಿಲ್ ಹಾಕಿದರೆ ಅದು ಕಂಪನಿಯ ತಲೆಗೆ. ಸಂಜೆವರೆಗೂ ಕಾಯಿಸಿದರೆ ಈ ನಿಯಮ ಹೇಳಿ, ಕಂಪನಿಗೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ.

ಕ್ಯಾಶ್‌ಲೆಸ್ ಬೇಡ ಅಂದರು ಅಂದರೆ ಕ್ಲೈಮ್ ಹೋಯಿತು ಅಂತ ಅಲ್ಲ. ಕೈಯಿಂದ ಕಟ್ಟಿ ಆಮೇಲೆ ದುಡ್ಡು ವಾಪಸ್ ಕೇಳಬಹುದು. ಆಗ ಪ್ರತಿ ಕಾಗದದ ಅಸಲು ಬೇಕು: ಡಿಸ್ಚಾರ್ಜ್ ಸಮ್ಮರಿ, ವಿವರ ಇರುವ ಬಿಲ್, ಕಟ್ಟಿದ ರಸೀದಿ, ಔಷಧಿ ಬಿಲ್ ಮತ್ತು ಅದರ ಚೀಟಿ, ಲ್ಯಾಬ್ ರಿಪೋರ್ಟ್. ಎಲ್ಲದರ ಜೆರಾಕ್ಸ್ ನಿಮ್ಮಲ್ಲಿ ಇರಲಿ. ಎಷ್ಟು ದಿನದೊಳಗೆ ಕಳಿಸಬೇಕು ಅಂತ ಪಾಲಿಸಿಯಲ್ಲಿ ಇರುತ್ತದೆ. ಆಸ್ಪತ್ರೆಗೆ ಸೇರುವ ಮೊದಲಿನ ಟೆಸ್ಟುಗಳು, ಮನೆಗೆ ಬಂದ ಮೇಲಿನ ಮಾತ್ರೆಗಳಿಗೂ ಇಷ್ಟು ದಿನ ಅಂತ ದುಡ್ಡು ಬರುತ್ತದೆ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಆಸ್ಪತ್ರೆ ಬಿಡುವ ಮೊದಲೇ ಓದಿ. ಕಾಯಿಲೆಯ ವರ್ಷ ತಪ್ಪಾಗಿದ್ದರೆ ಹಳೇ ಚೀಟಿ ತೋರಿಸಿ ಡಾಕ್ಟರ್ ಹತ್ತಿರ ಅಲ್ಲೇ ಸರಿ ಮಾಡಿಸಿ.

ಹೆಜ್ಜೆ 8: ಕ್ಲೈಮ್ ತಳ್ಳಿದರೆ

ಕಾರಣವನ್ನು ಬರಹದಲ್ಲಿ ಕೇಳಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಅವರು ಹೇಳಲೇಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐನ ದೂರಿನ ವೆಬ್‌ಸೈಟ್ ಬಿಮಾ ಭರೋಸಾದಲ್ಲೂ ದೂರು ಹಾಕಬಹುದು, ಫೋನ್ 155255. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ವಿಮೆಯ ತಕರಾರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ತಳ್ಳಿದ ಒಂದು ವರ್ಷದೊಳಗೆ ಹೋಗಬೇಕು. ನಾವು ಅಪ್ಪನ ವಿಷಯದಲ್ಲಿ ಇದು ಗೊತ್ತಿಲ್ಲದೆ ಆ ಒಂದು ವರ್ಷ ಕಳೆದುಕೊಂಡೆವು. ಗೆಲ್ಲುತ್ತಿದ್ದೆವೋ ಇಲ್ಲವೋ, ಕೇಳುವ ಅವಕಾಶವಂತೂ ಇತ್ತು.

ಹೆಜ್ಜೆ 9: ವರ್ಷಕ್ಕೊಮ್ಮೆ ರಿನ್ಯೂವಲ್

ರಿನ್ಯೂವಲ್ ಮೆಸೇಜ್ ಅಪ್ಪನ ಹಳೇ ಕೀಪ್ಯಾಡ್ ಫೋನಿಗೆ ಬರುತ್ತದೆ, ಅವರು ಓದುವುದಿಲ್ಲ. ನಿಮ್ಮ ನಂಬರ್ ಮತ್ತು ಇಮೇಲ್ ಕೊಡಿ. ದಿನ ದಾಟಿದರೆ ವಾರ್ಷಿಕ ಕಂತಿಗೆ 30 ದಿನ ಹೆಚ್ಚಿನ ಸಮಯ ಇದೆ. ಆದರೆ ಆ ದಿನಗಳಲ್ಲಿ ಆಸ್ಪತ್ರೆಗೆ ಸೇರಿದರೆ ರಕ್ಷಣೆ ಇರುವುದಿಲ್ಲ. 30 ದಿನವೂ ದಾಟಿದರೆ ಕಾಯುವ ಅವಧಿ ಮತ್ತೆ ಒಂದರಿಂದ ಶುರು.

ಪ್ರೀಮಿಯಂ ಏಕಾಏಕಿ ಏರಿದೆಯಾ? 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ಆದೇಶ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ 18 ಪರ್ಸೆಂಟ್ ಜಿಎಸ್‌ಟಿಯೂ ಇಲ್ಲ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ, 60 ದಾಟಿದ ಅಪ್ಪ ಅಮ್ಮನ ಪ್ರೀಮಿಯಂಗೆ 50,000ದವರೆಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ. ಪ್ರೀಮಿಯಂ ನಗದಾಗಿ ಕಟ್ಟಿದರೆ ಸಿಗುವುದಿಲ್ಲ.

ಕಂಪನಿ ಸರಿ ಇಲ್ಲ ಅನ್ನಿಸಿದರೆ ಪಾಲಿಸಿ ಬಿಡಬೇಡಿ, ಪೋರ್ಟ್ ಮಾಡಿ, ಅಂದರೆ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ. ಕಾದ ವರ್ಷಗಳು ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತವೆ. ಇದಕ್ಕೆ ರಿನ್ಯೂವಲ್‌ಗಿಂತ 45 ದಿನ ಮೊದಲು ಅರ್ಜಿ ಹಾಕಬೇಕು. ಹೊಸ ಕಂಪನಿ ಒಪ್ಪಿದ ಪತ್ರ ಕೈಗೆ ಬರುವವರೆಗೆ ಹಳೆಯದನ್ನು ನಿಲ್ಲಿಸಬೇಡಿ. ಈಗಲೇ ಪಾಲಿಸಿ ತೆಗೆದು ಕೊನೆಯ ದಿನ ನೋಡಿ, ಅದಕ್ಕಿಂತ ಎರಡು ತಿಂಗಳು ಹಿಂದಿನ ದಿನವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ.